ನೇತ್ರಾವತಿಯ ದಡದ ಹಂಚಿನ ಕಾರಖಾನೆ

ನಮ್ಮ ಹೆಬ್ಬಳ್ಳಿಯ ಸೀಮೆಯಲ್ಲಿ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆಯೇ ರೂಢಿ. ಆದರೆ ಧಾರವಾಡ-ಹುಬ್ಬಳ್ಳಿಗಳಲ್ಲಿ ಕೆಂಪು ಹಂಚು ಹೊದಿಸಿದ ಮನೆಗಳೂ ಬೇಕಾದಷ್ಟಿರುವವು. ಆ ಹಂಚಿಗೆ ‘ಮಂಗಳೂರು ಹಂಚು’ ಎಂದೇ ಹೆಸರು. ಅದರ ಜನ್ಮಸ್ಥಳವು ಮಂಗಳೂರಿನ ಜೆಪ್ಪು. ತಲೆಯ ಮೇಲಿನ ನೆರಳಿನ ಚರಿತ್ರೆಯನ್ನು ಗೃಹಸ್ಥರು ತಿಳಿದಿರುವದು ಯುಕ್ತವೆಂದು ನಾವು ಭಾವಿಸುತ್ತೇವೆ.

ಸ್ವಿಟ್ಸರ್ಲಂಡ ದೇಶದ ಬಾಸೆಲ್ ಪಟ್ಟಣದ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದರು. ಅವರ ಮತವನ್ನು ಸೇರಿದವರಿಗೆ ಮೊದಲು ಎದುರಾದದ್ದು ಹೊಟ್ಟೆಯ ಪ್ರಶ್ನೆ. ಕರಾವಳಿಯಲ್ಲಿ ಹೀಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಮರದಿಂದ ಕಳ್ಳು ಇಳಿಸುವದು ಅವರಲ್ಲಿ ಅನೇಕರ ಕುಲವೃತ್ತಿ. ಅದು ಮಿಶನ್ನಿನವರಿಗೆ ನಿಷಿದ್ಧ. ವೃತ್ತಿಯೂ ಹೋಯಿತು, ಬಂಧುಗಳ ಬಾಗಿಲೂ ಮುಚ್ಚಿತು. ಇಂಥವರಿಗಾಗಿ ಮಿಶನ್ನಿನವರು ನೇಯ್ಗೆ ಮೊದಲಾದ ಕೆಲಸಗಳನ್ನು ಆರಂಭಿಸಿದರು. ಆದರೆ ಕೈಗಳು ಹೆಚ್ಚಾದಂತೆ ಅವು ಸಾಲದಾದವು.

ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಗೇಯೋರ್ಗ್ ಪ್ಲೆಬ್ಸ್ಟರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆಯನ್ನು ಸ್ಥಾಪಿಸಿದರು. ನೇತ್ರಾವತಿಯ ದಡವನ್ನೇ ಆರಿಸಿದ್ದಕ್ಕೆ ಕಾರಣ ಸ್ಪಷ್ಟವಿದೆ. ಜೇಡಿಮಣ್ಣು ಹೊಳೆಯ ಬದಿಯಲ್ಲಿಯೇ ದೊರೆಯುತ್ತಿತ್ತು. ಸೌದೆ ದೋಣಿಯಲ್ಲಿ ಬರುತ್ತಿತ್ತು. ಸುಟ್ಟ ಹಂಚು ದೋಣಿಯಲ್ಲಿಯೇ ಬಂದರವನ್ನು ಸೇರಿ ಹಡಗನ್ನೇರುತ್ತಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಯವರೆಗೆ ನೀರೇ ಅದರ ಹೆದ್ದಾರಿ.

ಮಣ್ಣನ್ನು ಹದಮಾಡಿ, ಅರೆದು, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಆವಿಗೆಯಲ್ಲಿ ಸುಡುವರು. ಒಂದು ಹಂಚಿನ ಏಣು ಮತ್ತೊಂದರ ಗಾಡಿಯಲ್ಲಿ ಕೂಡುವಂತೆ ಅಚ್ಚು ಇರುವದರಿಂದ ಕರಾವಳಿಯ ಮಳೆಯೂ ಒಳಗೆ ಇಳಿಯದು. ಮುಳಿಹುಲ್ಲಿನ ಮಾಡಿಗಿದ್ದ ಬೆಂಕಿಯ ಭಯವೂ ಇದಕ್ಕಿಲ್ಲ. ನಮ್ಮ ಶಾಸ್ತ್ರಕಾರರು ಮಣ್ಣು-ಮಡಕೆಗಳ ದೃಷ್ಟಾಂತದಿಂದ ಕಾರ್ಯಕಾರಣಗಳನ್ನು ವಿವರಿಸಿದರು. ಜೆಪ್ಪುವಿನಲ್ಲಿಯೋ ಅದೇ ಮಣ್ಣು ಒಂದು ಜನಸಮುದಾಯಕ್ಕೆ ಅನ್ನವಾಯಿತು.

ಕಾರಖಾನೆಯೊಂದಿಗೆ ಗಡಿಯಾರದ ಬಾಳು ಬಂದಿತು. ಗಂಟೆಗೆ ಸರಿಯಾಗಿ ಕೆಲಸ, ಲೆಕ್ಕದಂತೆ ಕೂಲಿ, ಪ್ರಾರಂಭದಲ್ಲಿ ಪ್ರಾರ್ಥನೆ. ಹೆಂಗಸರೂ ಹಂಚು ಹೊತ್ತು ಕೈಗೆ ಕಾಸು ಕಂಡರು. ಇದು ದೊಡ್ಡ ಉಪಕಾರವೇ ಸರಿ. ಆದರೆ ಧರ್ಮ ಹೇಳುವ ಬಾಯಿಯೂ ಕೂಲಿ ಕೊಡುವ ಕೈಯೂ ಒಂದೇ ಆದಲ್ಲಿ ಆಶ್ರಿತನಿಗೆ ಎದುರಾಡುವ ಸ್ವಾತಂತ್ರ್ಯವು ಎಷ್ಟು ಉಳಿದೀತು? ವಿಚಾರವಂತರು ಇದನ್ನೂ ತೂಗಿ ನೋಡಬೇಕು. ಕಾಲಕ್ರಮದಲ್ಲಿ ಅನ್ಯಮತದವರೂ ಅಲ್ಲಿಯೇ ಕೂಲಿಗೆ ಸೇರಿದರು.

ವಿದ್ಯೆಯು ಗೋಡೆಯೊಳಗೆ ನಿಲ್ಲಲಿಲ್ಲ. 1868ರಲ್ಲಿಯೇ ಆಲ್ಬುಕರ್ಕ್ ಮನೆತನದವರು ಸ್ವಂತ ಕಾರಖಾನೆಯನ್ನು ತೆರೆದರು. ಬರಬರುತ್ತ ನೇತ್ರಾವತಿ-ಗುರುಪುರ ಹೊಳೆಗಳ ಬದಿಗೆ ಹೊಗೆಗೊಳವೆಗಳು ಸಾಲುಗಟ್ಟಿದವು. ಮಿಶನ್ನಿನವರೂ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ ಮೊದಲಾದೆಡೆ ಕಾರಖಾನೆಗಳನ್ನು ಕಟ್ಟಿ, 1905ರ ಹೊತ್ತಿಗೆ ಏಳನ್ನು ನಡೆಸುತ್ತಿದ್ದರು.

1914ರ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾದರು. ಉದ್ಯಮವು ಅವರ ಕೈಬಿಟ್ಟು, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿತು. ಒಡೆಯರು ಹೋದರೂ ಆವಿಗೆ ಆರಲಿಲ್ಲ, ಏಕೆಂದರೆ ಕೆಲಸ ಬಲ್ಲ ಕೈಗಳು ಇಲ್ಲಿಯವೇ ಆಗಿದ್ದವು. ಮುಂದೆ ಉದ್ಯಮವನ್ನು ಕುಗ್ಗಿಸಿದ್ದು ಯುದ್ಧವಲ್ಲ; ಕಾಂಕ್ರೀಟಿನ ಮಾಳಿಗೆ, ಮಣ್ಣು-ಸೌದೆಗಳ ಅಭಾವ. ಅನೇಕ ಕಾರಖಾನೆಗಳು ಮುಚ್ಚಿಹೋಗಿವೆ.

ಹಳೆಯ ಮನೆಯನ್ನು ಬಿಚ್ಚುವವರಿಗೆ ನಮ್ಮದೊಂದು ಸೂಚನೆ. ಹಂಚಿನ ಬೆನ್ನಿನ ಮೇಲೆ 1865 ಎಂದೋ 1868 ಎಂದೋ ಕಂಡರೆ ಅದು ಹಂಚು ಸುಟ್ಟ ವರ್ಷವೆಂದು ತಿಳಿಯಬಾರದು. ಕಾರಖಾನೆ ಹುಟ್ಟಿದ ವರ್ಷ ಅದು. ಅಂಥ ಹಂಚನ್ನು ಬೆರಳಿನಿಂದ ಬಡಿದು ನೋಡಿರಿ. ಕಂಚಿನಂತೆ ಖಣಿಲೆಂದರೆ ಅದು ಇನ್ನೂ ಗಟ್ಟಿಯಾಗಿದೆ. ತಿಪ್ಪೆಗೆಸೆಯದೆ ದನದ ಕೊಟ್ಟಿಗೆಗಾದರೂ ಹೊದಿಸಿರಿ.