ಎಳೆಹಡಗಿನ ಮಾದರಿ: ಡೆಕ್ಕಿನ ಗೂಟಕ್ಕೂ ಬೇಕು ಸಾಕ್ಷ್ಯ

ವಿಜಯಪುರ: ಇಲ್ಲಿನ ಗಾಂಧಿ ಚೌಕದಿಂದ ಸಮುದ್ರ ನೂರಾರು ಕಿಲೊಮೀಟರ್ ದೂರ. ಆದರೂ ಹಡಗಿನ ಮಾದರಿ ನಿರ್ಮಿಸಹೊರಟವರಿಗೆ ಬೇಕಾದ ಹಿತ್ತಾಳೆ ತಂತಿ, ತೆಳು ತಗಡು, ಮೊಳೆ, ಬಣ್ಣಗಳಿಗೆ ಪೇಟೆಯಲ್ಲಿ ಕೊರತೆಯಿಲ್ಲ. ಸುಲಭವಾಗಿ ಸಿಗದಿರುವುದು ಒಂದೇ: ಆ ತಂತಿಯನ್ನು ಯಾವ ಆಕಾರಕ್ಕೆ ಬಾಗಿಸಬೇಕು ಎಂಬ ಖಚಿತ ಮಾಹಿತಿ. ಗಾಲಿ ಚಾಲಿತ ಎಳೆಹಡಗು, ಅಂದರೆ ಪ್ಯಾಡಲ್ ಟಗ್, ಈ ಹುಡುಕಾಟದ ಕಷ್ಟವನ್ನು ಚೆನ್ನಾಗಿ ತಿಳಿಸುತ್ತದೆ.

ಹಬೆಯಂತ್ರದ ಬಲದಿಂದ ಎರಡೂ ಪಕ್ಕದ ದೊಡ್ಡ ಗಾಲಿಗಳನ್ನು ತಿರುಗಿಸುತ್ತ, ಹಾಯಿಹಡಗುಗಳನ್ನು ಬಂದರಿನ ಒಳಗೆ ಹೊರಗೆ ಎಳೆಯುವುದು ಇದರ ಕಾಯಕವಾಗಿತ್ತು. ಭಾರತಕ್ಕೂ ಇದು ಅಪರಿಚಿತವಲ್ಲ. 1830ರಲ್ಲಿ 'ಫೋರ್ಬ್ಸ್' ಎಂಬ ಗಾಲಿ ಹಡಗು 'ಜೇಮ್ಸಿನಾ' ಎಂಬ ಹಾಯಿಹಡಗನ್ನು ಎಳೆದುಕೊಂಡು ಕಲ್ಕತ್ತೆಯಿಂದ ಚೀನಾದತ್ತ ಹೊರಟಿತ್ತು.

ಕೆಲಸವೇ ಆಕಾರದ ಮೂಲ

ಎಳೆಹಡಗಿನ ಡೆಕ್ಕಿನ ಮೇಲೆ ಅಲಂಕಾರಕ್ಕೆಂದು ಇಟ್ಟ ವಸ್ತು ಬಹುಮಟ್ಟಿಗೆ ಇರುವುದಿಲ್ಲ. ಹಗ್ಗ ಸಿಕ್ಕಿಸುವ ಎಳೆಕೊಕ್ಕೆಯನ್ನೇ ನೋಡಿ. ಅದು ಹಿಂಬದಿಯ ತುದಿಯಲ್ಲಿರುತ್ತದೆ ಎಂದು ಊಹಿಸುವವರೇ ಹೆಚ್ಚು. ವಾಸ್ತವದಲ್ಲಿ ಅದರ ಸ್ಥಾನ ಹಡಗಿನ ನಡುಭಾಗದ ಸಮೀಪ, ಚಿಮಣಿಯ ಹಿಂದೆ. ತುದಿಯಲ್ಲಿ ಕಟ್ಟಿದರೆ ಹಗ್ಗದ ಸೆಳೆತಕ್ಕೆ ಹಿಂಬದಿ ಸಿಲುಕಿಕೊಂಡು ಹಡಗನ್ನು ತಿರುಗಿಸುವುದೇ ದುಸ್ತರವಾಗುತ್ತದೆ.

ಕೊಕ್ಕೆ ನಡುವಿನಲ್ಲಿದ್ದ ಮೇಲೆ ಹಗ್ಗ ಇಡೀ ಹಿಂಡೆಕ್ಕಿನ ಮೇಲೆ ಆಚೀಚೆ ಸರಿದಾಡಲೇಬೇಕು. ಆದ್ದರಿಂದಲೇ ಅಲ್ಲಿ ಅಡ್ಡಲಾಗಿ ಕಮಾನುಗಳಿರುತ್ತವೆ. ಹಗ್ಗ ಅವುಗಳ ಮೇಲೆ ಜಾರುತ್ತದೆ. ಹಿಂಡೆಕ್ಕಿನ ಮೇಲೆ ಎತ್ತರದ ಗಾಳಿಕೊಳವೆಯನ್ನೋ ಪೆಟ್ಟಿಗೆಯನ್ನೋ ನಿಲ್ಲಿಸಿದ ಮಾದರಿ ಎಷ್ಟೇ ಅಂದವಾಗಿದ್ದರೂ ಸುಳ್ಳು. ಹಗ್ಗ ಪಕ್ಕಕ್ಕೆ ಜಗ್ಗಿದರೆ ಎಳೆಹಡಗೇ ಮಗುಚುವ ಅಪಾಯವೂ ಉಂಟು. ತಕ್ಷಣ ಬಿಚ್ಚಿಕೊಳ್ಳುವ ಕೊಕ್ಕೆಗಳು ಬಳಕೆಗೆ ಬಂದದ್ದು ಈ ಭಯದಿಂದ.

ಚಿತ್ರವನ್ನು ನಂಬಬಹುದೆ?

ಜಗತ್ತಿನ ಅತ್ಯಂತ ಪ್ರಸಿದ್ಧ ಗಾಲಿ ಎಳೆಹಡಗು ಇರುವುದು ಕ್ಯಾನ್ವಾಸಿನ ಮೇಲೆ. ಬ್ರಿಟನ್ನಿನ ಕಲಾವಿದ ಟರ್ನರ್ 1839ರಲ್ಲಿ ಪ್ರದರ್ಶಿಸಿದ 'ದ ಫೈಟಿಂಗ್ ಟೆಮೆರೇರ್' ಚಿತ್ರದಲ್ಲಿ ಹಳೆಯ ಯುದ್ಧನೌಕೆಯೊಂದನ್ನು ಒಡೆಯುವ ಕಟ್ಟೆಗೆ ಎಳೆದೊಯ್ಯುವ ದೃಶ್ಯವಿದೆ. 1838ರ ಆ ಪಯಣದಲ್ಲಿ ಎಳೆದದ್ದು ಎರಡು ಹಡಗುಗಳು. ಟರ್ನರ್ ಚಿತ್ರಿಸಿದ್ದು ಒಂದನ್ನೇ. ಸಾಲದ್ದಕ್ಕೆ ಕೂವೆಮರದ ಹಿಂದಿರಬೇಕಾದ ಚಿಮಣಿಯನ್ನು ಮುಂದಕ್ಕೆ ತಂದರು. ಮುಂದೆ ಇದರ ಅಚ್ಚುಪ್ರತಿ ಕೆತ್ತಿದ ವಿಲ್‌ಮೋರ್ ಅದನ್ನು ಮತ್ತೆ ಹಿಂದಕ್ಕೆ ಸರಿಸಿದರು. ಕಲೆಗೆ ಆ ಸ್ವಾತಂತ್ರ್ಯ ಸಲ್ಲುತ್ತದೆ. ಮಾದರಿಗೆ ಅದು ಪ್ರಮಾಣವಾಗದು. ಹಡಗುಕಟ್ಟೆಯ ಮೂಲ ನಕ್ಷೆ, ದಿನಾಂಕ ತಿಳಿದ ಛಾಯಾಚಿತ್ರಗಳೇ ಇಲ್ಲಿ ಮುಖ್ಯ ಆಧಾರ.

ಅಸಲಿ ಹಡಗೇ ಎದುರಿಗಿದ್ದರೂ ಎಚ್ಚರ ತಪ್ಪುವಂತಿಲ್ಲ. 1914ರಲ್ಲಿ ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನಲ್ಲಿ ನಿರ್ಮಾಣಗೊಂಡ 'ಎಪಲ್‌ಟನ್ ಹಾಲ್' ಗುಜರಿ ಸೇರಿ, ಅದರ ಮರದ ಭಾಗಗಳು ಬೆಂಕಿಗೆ ಆಹುತಿಯಾಗಿದ್ದವು. 'ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್' ಪತ್ರಿಕೆಯ ಸಂಪಾದಕ ಸ್ಕಾಟ್ ನ್ಯೂಹಾಲ್ ಅದನ್ನು ದುರಸ್ತಿಗೊಳಿಸಿ 1969–70ರಲ್ಲಿ ಸಾಗರ ದಾಟಿಸಿ ಅಮೆರಿಕಕ್ಕೆ ಒಯ್ದರು. ಹೀಗಾಗಿ ಅಲ್ಲಿನ ಮರಗೆಲಸ ಕಂಡು '1914ರದು' ಎಂದು ತೀರ್ಮಾನಿಸುವುದು ತಪ್ಪು. ಮೊದಲು ಕೇಳಬೇಕಾದ ಪ್ರಶ್ನೆ: ನಾನು ನಿರ್ಮಿಸುತ್ತಿರುವುದು ಯಾವ ವರ್ಷದ ಹಡಗನ್ನು?

ಕಾರವಾರದ ಪಾಠ

ನಮ್ಮ ರಾಜ್ಯದಲ್ಲೇ ಹಡಗಿನ ಡೆಕ್ಕನ್ನು ಹತ್ತಿರದಿಂದ ಕಾಣುವ ಅವಕಾಶ ಒದಗಿಸಿದ್ದು ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಐಎನ್‌ಎಸ್ ಚಪಲ್ ವಸ್ತುಸಂಗ್ರಹಾಲಯ. ಇದು ಕ್ಷಿಪಣಿ ನೌಕೆ, ಎಳೆಹಡಗಲ್ಲ, ಸೋವಿಯತ್ ವಿನ್ಯಾಸದ್ದು. ಇದರ ಭಾಗಗಳ ಆಕಾರವನ್ನು ಹಬೆಯ ಕಾಲದ ಮಾದರಿಗೆ ನಕಲು ಮಾಡಲಾಗದು. ಆದರೆ ಹಗ್ಗ ಸುತ್ತುವ ಗೂಟ ಅಂಚಿನಿಂದ ಎಷ್ಟು ದೂರವಿರಬೇಕು, ಅದರ ಸುತ್ತ ಮನುಷ್ಯ ನಿಂತು ದುಡಿಯಲು ಎಷ್ಟು ಜಾಗ ಬೇಕು ಎಂಬುದು ಇಂತಹ ಡೆಕ್ಕನ್ನು ಕಂಡರೆ ಮನದಟ್ಟಾಗುತ್ತದೆ.

ಚಪಲ್ ಇನ್ನೊಂದು ಪಾಠವನ್ನೂ ಹೇಳುತ್ತದೆ. 1971ರ ಯುದ್ಧದಲ್ಲಿ ಈ ನೌಕೆ ಭಾಗವಹಿಸಿತ್ತು ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಆದರೆ ಅದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ, ನಿವೃತ್ತಿ 2005ರಲ್ಲಿ. ಒಂದು ದಿನಾಂಕವನ್ನು ತಾಳೆ ನೋಡಿದರೆ ಸಾಕು, ಬಾಯಿಂದ ಬಾಯಿಗೆ ಬಂದ ತಪ್ಪು ಅಲ್ಲಿಗೇ ನಿಲ್ಲುತ್ತದೆ.

ಮನುಷ್ಯನೇ ಅಳತೆಗೋಲು

1:48 ಪ್ರಮಾಣದಲ್ಲಿ 100 ಅಡಿ ಹಡಗು ಸುಮಾರು 63.5 ಸೆಂಟಿಮೀಟರ್ ಆಗುತ್ತದೆ. ಐದೂವರೆ ಅಡಿಯ ನಾವಿಕ 35 ಮಿಲಿಮೀಟರ್, ಒಂದಡಿಯ ಗೂಟ ಆರು ಮಿಲಿಮೀಟರಿಗಿಂತ ತುಸು ಹೆಚ್ಚು. ಸಿದ್ಧ ಬಿಡಿಭಾಗ ಕೊಂಡಾಗ ಅದರ ಪಕ್ಕದಲ್ಲಿ ಇದೇ ಎತ್ತರದ ರಟ್ಟಿನ ಮನುಷ್ಯನನ್ನು ನಿಲ್ಲಿಸಿ. ಕಟಕಟೆ ಅವನ ಭುಜ ಮುಟ್ಟಿದರೆ, ಬಾಗಿಲಲ್ಲಿ ಅವನು ನುಸುಳಲಾಗದಿದ್ದರೆ ಆ ಭಾಗ ಆ ಹಡಗಿಗೆ ಸೇರಿದ್ದಲ್ಲ.

ಪ್ರತಿ ಭಾಗಕ್ಕೂ ಆಧಾರ ಯಾವುದು, ಯಾವ ವರ್ಷದ್ದು, ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯದು. ಗಾಲಿ ಎಳೆಹಡಗುಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ನಾಳೆ ಮಕ್ಕಳು ಅವುಗಳನ್ನು ನೋಡುವುದು ಮಾದರಿಗಳಲ್ಲೇ ಇರಬಹುದು. ಹಾಗಾದಾಗ ನಾವು ಊಹಿಸಿ ನೆಟ್ಟ ಗೂಟವನ್ನೂ ಅವರು ಇತಿಹಾಸವೆಂದೇ ನಂಬುತ್ತಾರೆ.