ಚಂದ್ರಂಪಳ್ಳಿ: ಮತ್ತೆ ಬರುವವರನ್ನು ನೆನೆದು

ಶಹಾಬಾದಿನ ಹಾಸುಗಲ್ಲಿನ ಗಣಿ, ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆ, ಚಿತ್ತಾಪುರದ ತೊಗರಿ ಹೊಲ. ಕಲಬುರಗಿ ಜಿಲ್ಲೆಯ ಈ ಸೀಮೆಯವರು ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಬಹುದಾದ ಹಸಿರು ಜಾಗ ಹುಡುಕಿದರೆ ದಾರಿ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಗೆ ಹೋಗಿ ಮುಟ್ಟುತ್ತದೆ. ಸರನಾಲಾ ಹೊಳೆಗೆ ಗುಡ್ಡಗಳ ನಡುವೆ ಕಟ್ಟಿದ ಅಣೆಕಟ್ಟೆ, ಅದರ ಹಿಂದೆ ನೀರು, ನೀರಿನ ಸುತ್ತ ಕಾಡು. 2011ರಲ್ಲಿ ಘೋಷಣೆಯಾದ, ಸುಮಾರು 134 ಚದರ ಕಿಲೋಮೀಟರಿನ ಚಿಂಚೋಳಿ ವನ್ಯಜೀವಿಧಾಮದೊಳಗೇ ಇದು ಇದೆ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಎಂದು ಹೆಸರಾದ ಈ ಕಾಡಿನಲ್ಲಿ ಶ್ರೀಗಂಧ, ತೇಗ, ರಕ್ತಚಂದನವಿವೆ; ಕತ್ತೆಕಿರುಬ, ತೋಳ, ನರಿ ತಿರುಗುತ್ತವೆ; ಲಂಬಾಣಿ ತಾಂಡಾಗಳೂ ಇವೆ. ಅರಣ್ಯ ಇಲಾಖೆ ಪ್ರಕೃತಿ ಶಿಬಿರವನ್ನೂ ದೋಣಿ ವಿಹಾರವನ್ನೂ ತಂದ ಮೇಲೆ ಮುಂದಿನ ಪ್ರಶ್ನೆ ಸಹಜವಾಗಿಯೇ ಎದ್ದಿದೆ: ಇನ್ನೂ ಹೊಸದೇನಾದರೂ ತಂದರೆ ಜನ ಹರಿದು ಬಂದಾರೆ? ಹೊಸ ಆಕರ್ಷಣೆಗೆ ಹಾಕುವ ರೂಪಾಯಿ ಇಲ್ಲಿ ಕೊನೆಯ ರೂಪಾಯಿ ಆಗಬೇಕೇ ಹೊರತು ಮೊದಲನೆಯದಲ್ಲ ಎಂಬುದು ನನ್ನ ವಾದ.

ಮನರಂಜನಾ ಉದ್ಯಾನಗಳ ಅನುಭವ ಇದನ್ನೇ ಹೇಳುತ್ತದೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಜಿಯಾಗಾ ಲೇಕ್ ಎಂಬ, ಕೆರೆಯ ದಂಡೆಯ ಹಳೆಯ ಉದ್ಯಾನವೊಂದಿತ್ತು. 2000ದಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಕಂಪನಿ ಅದಕ್ಕೆ ತನ್ನ ಹೆಸರಿಟ್ಟು, ಒಂದೇ ವರ್ಷ ನಾಲ್ಕು ರೋಲರ್ ಕೋಸ್ಟರ್ ನಿಲ್ಲಿಸಿತು. ಮರುವರ್ಷ ಪಕ್ಕದ ಸೀವರ್ಲ್ಡನ್ನೂ ಸೇರಿಸಿಕೊಂಡಿತು. ಜನ ಮುಗಿಬಿದ್ದರು. ಆದರೆ ಆ ಹೊಸತನ ಬಾಳಲಿಲ್ಲ. 2004ರಲ್ಲಿ ಉದ್ಯಾನ ಬೇರೆಯವರ ಕೈಗೆ ಹೋಯಿತು, 2007ರಲ್ಲಿ ಸವಾರಿಗಳು ನಿಂತೇಹೋದವು. ಸಾಲದ ಹೊರೆ ತಾಳಲಾರದೆ 2009ರಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ನಮ್ಮ ಕಡೆಯ ವಂಡರ್‌ಲಾ ಹಿಡಿದ ದಾರಿ ಬೇರೆ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಆಗಿ ಹುಟ್ಟಿ, 2005ರಲ್ಲಿ ಬಿಡದಿಗೆ, 2016ರಲ್ಲಿ ಹೈದರಾಬಾದಿಗೆ ಬಂದ ಅದು ಒಂದು ಊರಲ್ಲಿ ಕಾಲೂರಿದ ಮೇಲೆ ಇನ್ನೊಂದಕ್ಕೆ ಹೋಯಿತು. ಎಷ್ಟೋ ಸವಾರಿಗಳನ್ನು ತನ್ನದೇ ಕಾರ್ಯಾಗಾರದಲ್ಲಿ ಮಾಡಿಕೊಂಡಿತು. ಕೆಟ್ಟದ್ದನ್ನು ರಿಪೇರಿ ಮಾಡುವ ಕೈ ಮನೆಯೊಳಗೇ ಇರುವವರಿಗೆ ಹೊಸದನ್ನು ತರುವ ಧೈರ್ಯ ದಕ್ಕುತ್ತದೆ. ಹೊಸದು ಜನರನ್ನು ಒಮ್ಮೆ ಕರೆತರಬಲ್ಲದು. ಮತ್ತೆ ಕರೆತರುವುದು ಚೊಕ್ಕಟ, ನೆರಳು, ಸುರಕ್ಷತೆ, ಹೊತ್ತಿಗೆ ಸಿಗುವ ಬಸ್ಸು. ಸುತ್ತ ಲಕ್ಷಾಂತರ ಪ್ರವಾಸಿಗಳು ಸುಳಿಯದ, ಅಕ್ಕಪಕ್ಕದ ನಾಲ್ಕೈದು ತಾಲ್ಲೂಕುಗಳನ್ನೇ ನಂಬಿದ ಜಾಗಕ್ಕೆ ಮತ್ತೆ ಬರುವವರೇ ಆಧಾರ.

ಈ ಲೆಕ್ಕವನ್ನು ಚಂದ್ರಂಪಳ್ಳಿಗೆ ಹಚ್ಚಿ ನೋಡಿದರೆ ಮೊದಲ ಅಡ್ಡಿ ಹವೆಯದು. ಮನರಂಜನಾ ಉದ್ಯಾನಗಳಿಗೆ ಶಾಲೆಯ ಬೇಸಿಗೆ ರಜೆ ಸುಗ್ಗಿ. ಇಲ್ಲಿ ಅದೇ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಮರಗಳು ಎಲೆ ಉದುರಿಸಿ ನಿಲ್ಲುತ್ತವೆ, ನೀರು ಹಿಂದೆ ಸರಿಯುತ್ತದೆ. ಈ ಕಾಡಿನ ಕಾಲವೇನಿದ್ದರೂ ಶ್ರಾವಣದಿಂದ ಸಂಕ್ರಾಂತಿಯವರೆಗೆ. ಮಳೆಗಾಲದಲ್ಲಿ ಎತ್ತಿಪೋತದ ಜಲಪಾತ ತುಂಬಿ ಧುಮುಕುವಾಗ ಬಂದವರಿಗೆ ಬೇರೆ ಆಟಿಕೆ ಬೇಕಿಲ್ಲ. ಎಳ್ಳಮಾವಾಸ್ಯೆಗೆ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಗಂಟು ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಗಿಡದ ನೆರಳಿಗೆ ಕೂತು ಉಣ್ಣುವ ಸೀಮೆ ಇದು. ಗಂಟು ಬಿಚ್ಚಲು ಒಂದು ಕಟ್ಟೆ, ಕೈ ತೊಳೆಯಲು ನಲ್ಲಿ, ಹೆಣ್ಣುಮಕ್ಕಳು ಹಿಂಜರಿಯದೆ ಒಳಗೆ ಹೋಗಬಲ್ಲ ಶೌಚಾಲಯ, ಮಂಗಗಳು ಎಳೆದಾಡದಂಥ ಕಸದ ಡಬ್ಬಿ ಇದ್ದರೆ ಇಡೀ ದಿನ ಕೂರುವ ಜನ ಇವರು.

ಎರಡನೆಯ ಅಡ್ಡಿ ದಾರಿಯದು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ನಾಲ್ಕಕ್ಕೂ ರೈಲಿದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ 1874ರಲ್ಲೇ ಹಳಿ ಬಿತ್ತು. ಚಿಂಚೋಳಿಗೆ ಮಾತ್ರ ಇಲ್ಲ. ಸೇಡಂನಲ್ಲೋ ಗಡಿಯಾಚೆಯ ತಾಂಡೂರಿನಲ್ಲೋ ಇಳಿದು ರಸ್ತೆ ಹಿಡಿಯಬೇಕು. ಅದೇ ರೈಲಿನಲ್ಲಿ ಇಳಿಯದೆ ಕೂತರೆ ಹೈದರಾಬಾದ್ ಬರುತ್ತದೆ, ಅಲ್ಲಿ ವಂಡರ್‌ಲಾ ಇದೆ. ಜಾರುಬಂಡೆಗೆ ಜಾರುಬಂಡೆ ಇಟ್ಟು ಹೈದರಾಬಾದನ್ನು ಚಿಂಚೋಳಿ ಗೆಲ್ಲಲಾರದು. ಹೈದರಾಬಾದಿನ ಉದ್ಯಾನದಲ್ಲಿ ಇಲ್ಲದ್ದು ಇಲ್ಲಿ ಕಾಡಿನ ಮೌನ. ಅದನ್ನು ಧ್ವನಿವರ್ಧಕ, ಬಣ್ಣದ ದೀಪಗಳಿಂದ ಕೆಡಿಸಿದರೆ ಇರುವ ಬಂಡವಾಳವೂ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅಭಯಾರಣ್ಯದೊಳಗೆ ಕೈಗೆ ಬಂದದ್ದನ್ನೆಲ್ಲ ಕಟ್ಟಲು ಬಿಡುವುದಿಲ್ಲ.

ಹೊಸದಿಲ್ಲದೆ ಸುದ್ದಿಯಾಗದು, ಸುದ್ದಿಯಾಗದೆ ಜನ ಬಾರರು, ಜನ ಬಾರದೆ ಬಸ್ಸೂ ಬಾರದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಆಕರ್ಷಣೆಯ ಬರ ಈ ಸೀಮೆಗೆ ಎಂದೂ ಬಂದಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದು ಅಶೋಕನ ಶಾಸನ ಹೊರಬಂತು. ಪಕ್ಕದ ಕನಗನಹಳ್ಳಿಯ ಸ್ತೂಪದ ಅವಶೇಷಗಳಲ್ಲಿ ಅಶೋಕನ ಹೆಸರು ಕೆತ್ತಿದ ಉಬ್ಬುಶಿಲ್ಪವೇ ಸಿಕ್ಕಿತು. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ದೇಶಕ್ಕೇ ದೊಡ್ಡ ಸುದ್ದಿಯಾಗುವಂಥವು ಇವು. ಆದರೂ ಬಾದಾಮಿ, ಹಂಪಿಗೆ ಹೋಗುವ ಜನಪ್ರವಾಹ ಇತ್ತ ತಿರುಗಿಲ್ಲ. ನೋಡುವಂಥದ್ದು ಇದ್ದ ಮಾತ್ರಕ್ಕೆ ನೋಡುವವರು ಬರುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕೆ.ಆರ್.ಎಸ್. ಬಳಿಯ ಬೃಂದಾವನಕ್ಕೆ ಡಿಸ್ನಿಲ್ಯಾಂಡ್ ಮಾದರಿಯ ಉದ್ಯಾನವೆಂದು ಎರಡು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಯೋಜನೆ ಹಾಕುವಾಗ, ಕಲ್ಯಾಣ ಕರ್ನಾಟಕಕ್ಕೆ ಮಾತ್ರ ನಲ್ಲಿ, ಶೌಚಾಲಯವೇ ಸಾಕೇ? ಈ ಸಿಟ್ಟು ನ್ಯಾಯವಾದದ್ದು. ಈ ಭಾಗಕ್ಕೆಂದು ಸಂವಿಧಾನದಲ್ಲಿ 371(ಜೆ) ವಿಧಿ ಬಂದದ್ದೇ ಇಂಥ ತಾರತಮ್ಯಕ್ಕೆ ಉತ್ತರವಾಗಿ. ಹಾಗಾಗಿ ಕಡಿಮೆ ಹಣ ಕೇಳಿ ಎಂದು ನಾನು ಹೇಳುತ್ತಿಲ್ಲ. ಹೆಚ್ಚು ಹಣವನ್ನೇ ಕೇಳಬೇಕು, ಆದರೆ ಬೇರೆ ಬಾಬತ್ತಿಗೆ. ಒಂದು ಕಟ್ಟಡಕ್ಕೆ ಅನುದಾನ ಸಿಗುವಷ್ಟು ಸುಲಭವಾಗಿ ಆ ಕಟ್ಟಡ ಗುಡಿಸುವವರ ಸಂಬಳಕ್ಕೆ ಸಿಗುವುದಿಲ್ಲ. ಉದ್ಘಾಟನೆಯ ಕಲ್ಲು ಹೊಸದಾಗಿರುವಾಗಲೇ ಬಾಗಿಲಿಗೆ ಬೀಗ ಬೀಳುವುದು ಇದರಿಂದಲೇ. ಹೊಸ ದೋಣಿ ತರುವ ಟೆಂಡರಿನಲ್ಲೇ ಐದು ವರ್ಷದ ರಿಪೇರಿ, ಜೀವರಕ್ಷಕ ಜಾಕೆಟ್, ಈಜು ಬಲ್ಲ ಸಿಬ್ಬಂದಿಯ ಸಂಬಳ ಸೇರಿರಬೇಕು. ಕಾಡಿನ ಹಾದಿ ಬಲ್ಲ ತಾಂಡಾದ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಮಾರ್ಗದರ್ಶಿಗಳಾಗಿ ತಿಂಗಳ ಪಗಾರದ ಮೇಲೆ ಇಟ್ಟುಕೊಳ್ಳಬೇಕು. ಶ್ರಾವಣದಿಂದ ಸಂಕ್ರಾಂತಿಯವರೆಗೆ ಪ್ರತಿ ಭಾನುವಾರ ಶಹಾಬಾದಿನಿಂದ ಹೊರಟು ವಾಡಿ, ಚಿತ್ತಾಪುರ, ಸೇಡಂ ಹಾದು ಬರುವ ಒಂದು ಸಾರಿಗೆ ಬಸ್ಸು ಓಡಿಸಿ, ಎರಡು ಹಂಗಾಮು ಜನ ಎಷ್ಟು ಸಲ ಮರಳಿ ಬರುತ್ತಾರೆ ಎಂದು ಲೆಕ್ಕ ಇಡಲಿ. ಮುಂದಿನ ಆಕರ್ಷಣೆ ಯಾವುದಿರಬೇಕು, ಬೇಕೋ ಬೇಡವೋ ಎಂಬುದನ್ನು ಆ ಲೆಕ್ಕ ನೋಡಿ ತೀರ್ಮಾನಿಸಬಹುದು.