ಸೆಂಟ್ರಲ್ ಕಾಲೇಜಿನ ಒಂದು ಶುಕ್ರವಾರ ಸಂಜೆ

ಫೆಬ್ರುವರಿ 28 ಬಂತೆಂದರೆ ಊರೂರಿನ ಶಾಲೆಗಳಲ್ಲಿ ಪೇಟ ತೊಟ್ಟ ಸಿ.ವಿ. ರಾಮನ್ ಅವರ ಚಿತ್ರಕ್ಕೆ ಹಾರ ಬೀಳುತ್ತದೆ. ಮಕ್ಕಳು ಭಾಷಣ ಮಾಡುತ್ತಾರೆ, ರಟ್ಟಿನ ಮಾದರಿಗಳು ಬೆಂಚಿನ ಮೇಲೆ ಸಾಲುಗಟ್ಟುತ್ತವೆ. 1987ರಿಂದ ನಡೆದುಬಂದ ರಾಷ್ಟ್ರೀಯ ವಿಜ್ಞಾನ ದಿನ ಅದು, ಆಗಬೇಕಾದದ್ದೇ. ಆದರೆ ಅದರ ಬೆನ್ನಿಗೇ ಬರುವ ಮಾರ್ಚ್ 16ನ್ನು ನೆನೆಯುವವರು ನನಗೆ ಈವರೆಗೆ ಸಿಕ್ಕಿಲ್ಲ. ಕಲ್ಕತ್ತೆಯ ಪ್ರಯೋಗಾಲಯದಲ್ಲಿ ಕಂಡ ಹೊಸ ಬೆಳಕಿನ ಕಥೆಯನ್ನು ರಾಮನ್ ಸಭೆಯ ಮುಂದೆ ನಿಂತು ಬಿಡಿಸಿ ಹೇಳಿದ್ದು 1928ರ ಆ ದಿನ, ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ.

ಅಂದು ಶುಕ್ರವಾರ. ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಭಾಷಣಕ್ಕೆಂದು ರಾಮನ್ ಬಂದಿದ್ದರು. ವಯಸ್ಸು 39. ಸಂಗತಿ ಕಣ್ಣಿಗೆ ಬಿದ್ದು ಬರೀ ಹದಿನೇಳು ದಿನವಾಗಿತ್ತು. ‘ನೇಚರ್’ ಪತ್ರಿಕೆಗೆ ಕಳಿಸಿದ್ದ ಮೊದಲ ಟಿಪ್ಪಣಿ ಇನ್ನೂ ಅಚ್ಚಾಗಿರಲಿಲ್ಲ. ಅದು ಹೊರಬಂದದ್ದು ಮಾರ್ಚ್ 31ಕ್ಕೆ. ಲಂಡನ್ನಿನ ಪಂಡಿತರ ಕೈಗೆ ಪತ್ರಿಕೆ ಸೇರುವ ಮೊದಲೇ ಬೆಂಗಳೂರಿನ ಸಭಿಕರಿಗೆ ಕಂಡವರ ಬಾಯಿಂದಲೇ ವಿಷಯ ಸಿಕ್ಕಿತ್ತು.

ಆ ಭಾಷಣದ ಅಚ್ಚಾದ ಪಾಠವನ್ನು ಓದಿದಾಗಿನಿಂದ ಅದು ನನ್ನ ತಲೆಯಿಂದ ಇಳಿದಿಲ್ಲ. ರಾಮನ್ ಫಲಿತಾಂಶವನ್ನು ಮೊದಲೇ ಮುಂದಿಟ್ಟು ಕೂರುವುದಿಲ್ಲ. ಈ ಶೋಧದ ಮಹತ್ವ ತಿಳಿಯಬೇಕಾದರೆ ಕಲ್ಕತ್ತೆಯಲ್ಲಿ ನಾವು ನಡೆದು ಬಂದ ದಾರಿ ತಿಳಿಯಬೇಕು ಎಂದು ಶುರುಮಾಡುತ್ತಾರೆ. ವಸ್ತುವನ್ನು ಕಾಯಿಸಿದರೆ ಬೆಳಕು ಬರುತ್ತದೆ ಎಂಬಂಥ ಪರಿಚಿತ ಸಂಗತಿಯಿಂದ ಹೊರಟು, ಒಬ್ಬೊಬ್ಬ ಶಿಷ್ಯನ ಹೆಸರನ್ನೂ ಹಿಡಿದು, ಯಾರಿಗೆ ಏನು ಕಂಡಿತು ಎನ್ನುತ್ತ ಸಾಗುತ್ತಾರೆ. 1923ರಲ್ಲಿ ಕೆ.ಆರ್. ರಾಮನಾಥನ್ ಅವರಿಗೆ ದ್ರವದಲ್ಲಿ ಚದುರಿದ ಬೆಳಕಿನ ಜೊತೆ ಮಸುಕಾದ ಇನ್ನೊಂದು ಹೊಳಪು ಕಂಡಿತ್ತು. ಕೊಳೆಯಿರಬಹುದೆಂದು ದ್ರವವನ್ನು ಮತ್ತೆ ಮತ್ತೆ ಶುದ್ಧಮಾಡಿದರೂ ಅದು ಹೋಗಲಿಲ್ಲ. ಆಮೇಲೆ ಎಸ್. ವೆಂಕಟೇಶ್ವರನ್ ಚೆನ್ನಾಗಿ ಶುದ್ಧಮಾಡಿದ ಗ್ಲಿಸರಿನ್ನಿಗೆ ಬಿಸಿಲು ಹಾಯಿಸಿದರು. ಮಾಮೂಲಿಯಂತೆ ನೀಲಿ ಕಾಣಬೇಕಿತ್ತು, ಹಸಿರು ಹೊಳೆಯಿತು. ಕೆ.ಎಸ್. ಕೃಷ್ಣನ್ ಸುಮಾರು ಅರವತ್ತು ದ್ರವಗಳನ್ನು ನೋಡಿದರು. ಎಲ್ಲದರಲ್ಲೂ ಹೆಚ್ಚೋ ಕಡಿಮೆಯೋ ಅದೇ ಚಮತ್ಕಾರ.

ಪ್ರಯೋಗವೂ ಕೈಗೆಟುಕುವಂಥದ್ದು. ದೂರದರ್ಶಕದ ದೊಡ್ಡ ಮಸೂರದಿಂದ ಬಿಸಿಲನ್ನು ಒಟ್ಟುಮಾಡಿ ದ್ರವದ ಬುರುಡೆಗೆ ಹಾಯಿಸಿ. ದಾರಿಯಲ್ಲಿ ನೀಲಿ-ನೇರಳೆಯನ್ನಷ್ಟೇ ಬಿಡುವ ಗಾಜು ಇಡಿ. ಈಗ ಆ ನೀಲಿ-ನೇರಳೆಯನ್ನು ಪೂರ್ತಿ ತಡೆಯುವ ಹಳದಿ-ಹಸಿರು ಗಾಜೊಂದನ್ನು ಕೈಗೆ ತೆಗೆದುಕೊಳ್ಳಿ. ಎರಡು ಗಾಜನ್ನೂ ಬುರುಡೆಯ ಮುಂದೆ ಒಟ್ಟಿಗೆ ಹಿಡಿದರೆ ಒಳಗೆ ಕತ್ತಲು. ಎರಡನೆಯದನ್ನು ತಂದು ಬುರುಡೆಗೂ ನಿಮ್ಮ ಕಣ್ಣಿಗೂ ನಡುವೆ ಹಿಡಿದರೆ? ಆಗಲೂ ಕತ್ತಲೇ ಇರಬೇಕು. ಇರುವುದಿಲ್ಲ. ಮಂದವಾದ ಬೆಳಕಿನ ಪಟ್ಟಿಯೊಂದು ಕಾಣುತ್ತದೆ. ಒಳಗೆ ಹೋದ ಬಣ್ಣ ಬೇರೆ, ಹೊರಬಂದ ಬಣ್ಣ ಬೇರೆ. ಬೆಳಕು ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ದ್ರವದ ಅಣುವಿಗೆ ಕೊಟ್ಟು ಬಂದಿದೆ. ಪಾದರಸದ ದೀಪ ಹಚ್ಚಿ ರೋಹಿತದರ್ಶಕದಲ್ಲಿ ನೋಡಿದಾಗ ದೀಪದಲ್ಲಿಲ್ಲದ ಹೊಸ ಗೆರೆಗಳೇ ಕಂಡವು. ಎರಡು ಗಾಜಿನ ಈ ಪರೀಕ್ಷೆಯನ್ನು ಹತ್ತನೇ ತರಗತಿಯ ಮಗುವಿಗೆ ಹೇಳಿ ನೋಡಿ, ಅದರ ಕಣ್ಣು ಅರಳುತ್ತದೆ.

ಸಂಶೋಧಕ ತಾನು ಇದೀಗ ಮಾಡುತ್ತಿರುವ ಕೆಲಸವನ್ನು ಜನರೆದುರು ಹೀಗೆ ಬಿಡಿಸಿಡುವ ವಾಡಿಕೆ ಬಂದದ್ದಾದರೂ ಎಲ್ಲಿಂದ? ಜಾಡು ಹಿಡಿದು ಹೋದರೆ ಲಂಡನ್ನಿನ ಆಲ್ಬೆಮಾರ್ಲ್ ಬೀದಿಯ ರಾಯಲ್ ಇನ್‌ಸ್ಟಿಟ್ಯೂಷನ್ ಸಿಗುತ್ತದೆ. ಪುಸ್ತಕದ ಬೈಂಡಿಂಗ್ ಕೆಲಸ ಕಲಿಯುತ್ತಿದ್ದ ಹುಡುಗ ಮೈಕೆಲ್ ಫ್ಯಾರಡೆ 1812ರಲ್ಲಿ, ಯಾರೋ ಕೊಟ್ಟ ಟಿಕೆಟ್ಟಿನಲ್ಲಿ, ಹಂಫ್ರಿ ಡೇವಿಯ ಉಪನ್ಯಾಸ ಕೇಳಿದ್ದು ಅಲ್ಲೇ. ಕೇಳಿದ್ದನ್ನೆಲ್ಲ ಬರೆದು, ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಮರುವರ್ಷ ಆತನ ಸಹಾಯಕನಾದ. ಅದೇ ಫ್ಯಾರಡೆ ದೊಡ್ಡವನಾದ ಮೇಲೆ, 1820ರ ದಶಕದ ನಡುವಿನಲ್ಲಿ, ಅಲ್ಲಿ ಶುಕ್ರವಾರ ಸಂಜೆಯ ಉಪನ್ಯಾಸಗಳನ್ನು ನೆಲೆಗೊಳಿಸಿದ. ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಹುಟ್ಟಿದ್ದೂ ಆ ಹೊತ್ತಿನಲ್ಲೇ. ಒಂದು ಮೇಣದಬತ್ತಿ ಹಚ್ಚಿಟ್ಟುಕೊಂಡು ರಸಾಯನಶಾಸ್ತ್ರವನ್ನೆಲ್ಲ ಅದರಿಂದಲೇ ಹೇಳಿದವನು ಅವನು.

ಈ ದೀಪವನ್ನು ನಮ್ಮ ದೇಶಕ್ಕೆ ತಂದವರು ಕಲ್ಕತ್ತೆಯ ವೈದ್ಯ ಮಹೇಂದ್ರಲಾಲ್ ಸರ್ಕಾರ್. ಲಂಡನ್ನಿನ ಆ ಸಂಸ್ಥೆಯ ಮಾದರಿ ಕಣ್ಣ ಮುಂದಿಟ್ಟುಕೊಂಡು, ಊರವರ ಚಂದಾ ಎತ್ತಿ, 1876ರಲ್ಲಿ ವಿಜ್ಞಾನ ಕೃಷಿಗೆ ಮೀಸಲಾದ ಸಂಸ್ಥೆಯೊಂದನ್ನು ಬೌಬಜಾರ್ ಬೀದಿಯಲ್ಲಿ ಕಟ್ಟಿದರು. ಉಪನ್ಯಾಸಗಳು ನಡೆದವು, ಅಲ್ಲೇ ಇದ್ದು ಸಂಶೋಧನೆಗೆ ಬಾಳು ಕೊಡುವ ತರುಣರು ಮಾತ್ರ ಬರಲಿಲ್ಲ. ಆ ಕೊರಗು ಹೊತ್ತೇ 1904ರಲ್ಲಿ ಅವರು ತೀರಿಕೊಂಡರು. ಮೂರು ವರ್ಷ ತಡೆದಿದ್ದರೆ! 1907ರಲ್ಲಿ ಸರ್ಕಾರಿ ಲೆಕ್ಕಪತ್ರ ಇಲಾಖೆಯ ತರುಣ ಅಧಿಕಾರಿಯೊಬ್ಬ ಆ ಸಂಸ್ಥೆಯ ಬೋರ್ಡು ನೋಡಿ ಬಾಗಿಲು ತಟ್ಟಿದ. ಅವನೇ ರಾಮನ್. ಕಚೇರಿಗೆ ಮೊದಲು, ಕಚೇರಿ ಮುಗಿದ ಮೇಲೆ, ಆ ಕಟ್ಟಡವೇ ಮನೆಯಾಯಿತು. ಫೆಬ್ರುವರಿಯ ಬೆಳಕು ಕಂಡದ್ದು ಅಲ್ಲೇ. ಅದರ ಕಥೆ ಬೆಂಗಳೂರಿನಲ್ಲಿ ಮತ್ತೊಂದು ಶುಕ್ರವಾರ ಸಂಜೆಯೇ ಹೊರಬಿದ್ದದ್ದು ನೆನೆದಾಗಲೆಲ್ಲ ನನಗೆ ರೋಮಾಂಚನ.

ಒಂದು ನೋವನ್ನೂ ಹೇಳಬೇಕು. ಆ ಸಂಜೆಯ ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು, ಇದೇ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರ ಜೊತೆಗೂಡಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದರು. 1918, 1919, ಎರಡೇ ವರ್ಷ, ಆಮೇಲೆ ನಿಂತುಹೋಯಿತು. ಅದು ಬದುಕಿದ್ದಿದ್ದರೆ 1928ರ ಏಪ್ರಿಲ್ ಸಂಚಿಕೆಯಲ್ಲಿ ಗ್ಲಿಸರಿನ್ನಿನ ಹಸಿರು ಕನ್ನಡದಲ್ಲೇ ಹೊಳೆದಿರುತ್ತಿತ್ತು. ಆ ಸಂಚಿಕೆಯನ್ನು ಮನಸ್ಸಿನಲ್ಲಿ ಎಷ್ಟು ಸಲ ಬಿಡಿಸಿ ಓದಿದ್ದೇನೋ.

ಕೈಯಲ್ಲಿರುವ ಕೆಲಸವನ್ನೇ ಜನರೆದುರು ಬಿಡಿಸಿಡುವ ವಾಡಿಕೆಯನ್ನು ರಾಮನ್ ಮಾತ್ರ ಮರೆಯಲಿಲ್ಲ. 1933ರಲ್ಲಿ ಬೆಂಗಳೂರಿಗೇ ಬಂದು ನೆಲೆಸಿದರು. ತಮ್ಮದೇ ಸಂಸ್ಥೆ ಕಟ್ಟಿದ ಮೇಲೆ, ಅಕ್ಟೋಬರ್ 2ರ ಗಾಂಧಿ ಸ್ಮಾರಕ ಉಪನ್ಯಾಸದಲ್ಲಿ ತಾವು ಆ ವರ್ಷ ಬೆನ್ನುಹತ್ತಿದ್ದ ವಿಷಯವನ್ನೇ ಹೇಳುತ್ತಿದ್ದರು. 1970ರ ಅಕ್ಟೋಬರ್‌ನಲ್ಲಿ, 81ರ ವಯಸ್ಸಿನಲ್ಲಿ, ಅವರು ಮಾತಾಡಿದ್ದು ಕಿವಿ ನಾದವನ್ನು ಹೇಗೆ ಹಿಡಿಯುತ್ತದೆ ಎಂಬುದರ ಬಗ್ಗೆ. ಮುಂದಿನ ತಿಂಗಳು ಅವರಿಲ್ಲ.

ಕಳೆದ ವರ್ಷ ಒಂದು ಸಂಸ್ಥೆಯ ಸಾರ್ವಜನಿಕ ಉಪನ್ಯಾಸಕ್ಕೆ ಹೋಗಿದ್ದೆ. ಭಾಷಣಕಾರರು ಒಳ್ಳೆಯ ಕೆಲಸ ಮಾಡಿದವರೇ. ಆದರೆ ಪರದೆಯ ಮೇಲೆ ಸ್ಲೈಡುಗಳು ರೈಲಿನ ಕಿಟಕಿಯ ಮರಗಳಂತೆ ಓಡಿದವು. ಒಂದು ಗಾಜು, ಒಂದು ಬುರುಡೆ, ಮುಟ್ಟಿ ನೋಡುವಂಥ ಒಂದು ವಸ್ತುವೂ ಮೇಜಿನ ಮೇಲಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಪಿಯುಸಿ ಹುಡುಗಿ ನೋಟ್‌ಬುಕ್ ಮುಚ್ಚಿ ಕೇಳಿದಳು: “ಅಂಕಲ್, ಕೊನೆಗೆ ಅವರಿಗೆ ಏನು ಕಾಣಿಸ್ತು?” ನನಗೂ ಉತ್ತರ ಗೊತ್ತಿರಲಿಲ್ಲ. ಅವಳು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು.

ಮನೆಗೆ ಬಂದು 1928ರ ಭಾಷಣದ ಕೊನೆಯ ಪುಟ ತೆಗೆದೆ. ಹೊಸ ಪ್ರದೇಶವೊಂದರ ಅಂಚಿನಲ್ಲಷ್ಟೇ ನಾವಿದ್ದೇವೆ, ಮಾಡುವುದೆಲ್ಲ ಇನ್ನು ಮುಂದಿದೆ ಎಂದು ರಾಮನ್ ಅಲ್ಲಿ ಹೇಳಿದ್ದಾರೆ. ಆಮೇಲೆ ಕೃಷ್ಣನ್ ಅವರ ಹೆಸರು, ವೆಂಕಟೇಶ್ವರನ್ ಅವರ ಹೆಸರು, ಪ್ರಯೋಗಾಲಯದ ಉಳಿದವರ ನೆನಕೆ.